ಆಕ್ಯುಪೇಶನ್: ಕಸುಬೋ, ಕಬ್ಜೆಯೋ?

ಪ್ರಶ್ನೆ: ನಮ್ಮ ಹಳೇ ವಾಡೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿದ್ದಾರೆ. ‘ಆಕ್ಯುಪೇಶನ್ ಸರ್ಟಿಫಿಕೇಟ್ ಇನ್ನೇನು ಬಂತು’ ಅನ್ನುತ್ತಾನೆ ಬಿಲ್ಡರ್. ಬ್ಯಾಂಕಿನ ಫಾರ್ಮಿನಲ್ಲಿ ಆಕ್ಯುಪೇಶನ್ ಅಂದರೆ ಉದ್ಯೋಗ. ಮಗಳ ಇತಿಹಾಸದ ಪಾಠದಲ್ಲಿ ಸೈನ್ಯ ಬಂದು ಊರಲ್ಲಿ ತಳವೂರಿದರೂ ಆಕ್ಯುಪೇಶನ್. ಒಂದೇ ಪದಕ್ಕೆ ಇಷ್ಟು ಅರ್ಥ ಹೇಗೆ?
– ಓದುಗರೊಬ್ಬರು, ಸದಾಶಿವ ಪೇಠ, ಪುಣೆ

ಉತ್ತರ: ಈ ಪದ ಹುಟ್ಟಿದ್ದು ಲ್ಯಾಟಿನ್ನಿನ ‘ಆಕ್ಯುಪಾರೆ’ಯಿಂದ. ಹಿಡಿದುಕೊಳ್ಳುವುದು, ವಶ ಮಾಡಿಕೊಳ್ಳುವುದು ಎಂದರ್ಥ. ನಾವೂ ಕೋಟೆ ಹಿಡಿಯುತ್ತೇವೆ, ಬಾಡಿಗೆಗೆ ಮನೆ ಹಿಡಿಯುತ್ತೇವೆ, ನೌಕರಿ ಹಿಡಿಯುತ್ತೇವೆ. ಹಾಗಾಗಿ ಕನ್ನಡಿಗರಿಗೆ ಇದು ತೀರಾ ವಿಚಿತ್ರ ಅನ್ನಿಸಬಾರದು!

ಕಸುಬಿಗೂ ಕಬ್ಜೆಗೂ ನಮ್ಮಲ್ಲಿ ಇನ್ನೂ ಗಟ್ಟಿ ನಂಟಿತ್ತು. ಇವತ್ತು ‘ವೃತ್ತಿ’ ಅಂದರೆ ಡಾಕ್ಟರಿಕೆ, ವಕೀಲಿ. ಕನ್ನಡ ಶಾಸನಗಳಲ್ಲಿ ಅಗ್ರಹಾರದ ಬ್ರಾಹ್ಮಣರಿಗೆ ಹಂಚಿಕೊಟ್ಟ ಭೂಮಿಯ ಪಾಲೂ ವೃತ್ತಿಯೇ. ವತನದ ಕಾಲದಲ್ಲೂ ಅಷ್ಟೇ. ಕುಲಕರ್ಣಿ ಊರ ಲೆಕ್ಕ ಬರೆಯುತ್ತಿದ್ದ; ಅದಕ್ಕೆ ಪ್ರತಿಯಾಗಿ ಇನಾಮು ಜಮೀನು ಉಣ್ಣುತ್ತಿದ್ದ. ಕೆಲಸ, ಜಮೀನು ಎರಡೂ ಅಪ್ಪನಿಂದ ಮಗನಿಗೆ; ಅದೇ ವತನ. ಮುಂಬಯಿ ಸರಕಾರದ 1950ರ ಕಾನೂನು ದೇಶಪಾಂಡೆಯಂಥ ಪರಗಣೆ ವತನಗಳನ್ನೂ ಕುಲಕರ್ಣಿ ವತನಗಳನ್ನೂ ರದ್ದು ಮಾಡಿತು. ಧಾರವಾಡ, ಬೆಳಗಾವಿ, ವಿಜಾಪುರಗಳೂ ಆಗ ಮುಂಬಯಿ ರಾಜ್ಯದಲ್ಲೇ ಇದ್ದವು. ಕೆಲಸ ಹೋಯಿತು, ವತನ ಹೋಯಿತು, ಅಡ್ಡಹೆಸರು ಉಳಿಯಿತು. ನಿಮ್ಮ ಪೇಠದ ಬಾಗಿಲುಗಳ ಮೇಲಿನ ಫಲಕಗಳನ್ನೇ ಓದುತ್ತ ಹೋಗಿ, ಕುಲಕರ್ಣಿ, ದೇಶಪಾಂಡೆಯರು ಎಷ್ಟು ಸಿಗುತ್ತಾರೋ ನೋಡಿ.

ಇನ್ನು ಸೈನ್ಯದ ಮಾತು. ನಿಮ್ಮ ಪೇಠ ಯಾರ ಹೆಸರು ಹೊತ್ತಿದೆಯೋ ಆ ಪೇಶ್ವೆ ಸೇನಾನಿ ಸದಾಶಿವರಾವ್ ಭಾವೂ 1760ರಲ್ಲಿ ಉದಗೀರದಲ್ಲಿ ನಿಜಾಮನನ್ನು ಸೋಲಿಸಿದರು. ವಿಜಾಪುರ ಪೇಶ್ವೆಗಳಿಗೆ ಬಂತು. 1817ರ ನವೆಂಬರಿನಲ್ಲಿ ಖಡಕಿಯ ಕದನದ ನಂತರ ಪುಣೆಯೇ ಇಂಗ್ಲಿಷರ ಕೈಸೇರಿತು. ಹಿಡಿದ ಊರನ್ನು ಅವರು ಬಿಡಲಿಲ್ಲ, 1818ರಲ್ಲಿ ಪೇಶ್ವೆ ಶರಣಾದ ಮೇಲೆ ತಮ್ಮ ರಾಜ್ಯಕ್ಕೇ ಸೇರಿಸಿಕೊಂಡರು. ಇಂದಿನ ಅಂತರರಾಷ್ಟ್ರೀಯ ಕಾನೂನು ಇದನ್ನು ಒಪ್ಪುವುದಿಲ್ಲ. 1907ರ ಹೇಗ್ ನಿಯಮಗಳ ಲೆಕ್ಕದಲ್ಲಿ ಊರು ಹಿಡಿದ ಸೈನ್ಯ ತಾತ್ಕಾಲಿಕ ಆಡಳಿತಗಾರ ಮಾತ್ರ, ನೆಲದ ಒಡೆಯನಲ್ಲ.

ನಿಮ್ಮ ಬಿಲ್ಡರ್ ಹೇಳುವ ಕಾಗದವೂ ಒಡೆತನದ ಪತ್ರವಲ್ಲ. ಮರಾಠಿಯಲ್ಲಿ ಅದಕ್ಕೆ ‘ಭೋಗವಟಾ ಪತ್ರ’ ಅನ್ನುತ್ತಾರೆ. ಕಟ್ಟಡ ಮಂಜೂರಾದ ನಕ್ಷೆಯಂತೆ ಎದ್ದಿದೆ, ಜನ ವಾಸಕ್ಕೆ ಬರಬಹುದು ಎಂದು ಮಹಾನಗರ ಪಾಲಿಕೆ ಹೇಳುವುದಷ್ಟೇ ಅದರಲ್ಲಿರುತ್ತದೆ. ಮನೆ ನಿಮ್ಮದಾಗುವುದು ನೋಂದಾಯಿತ ಕರಾರಿನಿಂದ. ಬೀಗದ ಕೈ ಇಸಿದುಕೊಳ್ಳುವ ಮೊದಲು ಭೋಗವಟಾ ಪತ್ರದ ನಕಲು ಕೇಳಿ. ಕೆಲವೊಮ್ಮೆ ಕಟ್ಟಡದ ಒಂದು ಭಾಗಕ್ಕಷ್ಟೇ ಅದು ಸಿಕ್ಕಿರುತ್ತದೆ; ನಿಮ್ಮ ಮಹಡಿ ಅದರಲ್ಲಿದೆಯೇ ನೋಡಿಕೊಳ್ಳಿ.