ಅರವತ್ತಕ್ಕೆ ಅರಳು ಮರಳೇ?

'ಅರವತ್ತಕ್ಕೆ ಅರಳು ಮರಳು' ಎಂಬ ಮಾತು ನಮ್ಮಲ್ಲಿ ರೂಢಿಯಾಗಿದೆ. ಇಟ್ಟ ಕನ್ನಡಕ ಸಿಗದಿದ್ದರೆ, ಬಾಕಿದಾರನ ಹೆಸರು ನೆನಪಿಗೆ ಬಾರದಿದ್ದರೆ ವಯಸ್ಸಿನ ಮೇಲೆ ಹಾಕಿ ಸುಮ್ಮನಾಗುತ್ತೇವೆ. ವಯಸ್ಸಿನ ಪಾಲು ಇದೆ, ನಿಜ. ಆದರೆ ಎಲ್ಲವೂ ಅದರದಲ್ಲ.

ಮೆದುಳಿನ ಎರಡೂ ಬದಿಯಲ್ಲಿ ಹಿಪೊಕ್ಯಾಂಪಸ್ ಎಂಬ ಚಿಕ್ಕ ಭಾಗವುಂಟು. ದಿನದ ಸಂಗತಿಗಳನ್ನು ನೆನಪಿನ ಕಿರ್ದಿಗೆ ಬರೆಯುವ ಗುಮಾಸ್ತನೆಂದರೆ ಅದೇ. ಮುಪ್ಪಿನಲ್ಲಿ ಅದು ವರ್ಷಕ್ಕೆ ಶೇಕಡಾ 1-2ರಷ್ಟು ಕುಗ್ಗುತ್ತದೆ. ಅಮೆರಿಕದಲ್ಲಿ ವಿಜ್ಞಾನಿಗಳು 55ರಿಂದ 80 ವಯಸ್ಸಿನ 120 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವಾರಕ್ಕೆ ಮೂರು ದಿನ ನಡಿಗೆ. ಹತ್ತು ನಿಮಿಷದಿಂದ ಆರಂಭಿಸಿ ನಲವತ್ತಕ್ಕೆ ಏರಿಸಿದರು. ಇನ್ನೊಂದಕ್ಕೆ ಕೈಕಾಲು ಚಾಚುವ ಸರಳ ವ್ಯಾಯಾಮ. ವರ್ಷ ಕಳೆದು ಅಳೆದಾಗ ನಡೆದವರ ಹಿಪೊಕ್ಯಾಂಪಸ್ ಶೇಕಡಾ 2ರಷ್ಟು ಬೆಳೆದಿತ್ತು, ಉಳಿದವರದು ಸುಮಾರು 1.4ರಷ್ಟು ಕುಗ್ಗಿತ್ತು. 2011ರಲ್ಲಿ ಪ್ರಕಟವಾದ ಈ ಫಲಿತಾಂಶ ಬಹಳ ಹೆಸರು ಮಾಡಿತು. ಆದರೂ ನೆನಪಿನ ಪರೀಕ್ಷೆಯಲ್ಲಿ ಎರಡೂ ಗುಂಪಿನವರು ಸುಧಾರಿಸಿದ್ದರೆಂಬುದನ್ನು ಮರೆಯಬಾರದು.

2015ರಲ್ಲಿ ಅಲ್ಲಿಯದೇ ಇನ್ನೊಂದು ದೊಡ್ಡ ಅಧ್ಯಯನ ಹೊರಬಂತು. 70ರಿಂದ 89ರ 1,600ಕ್ಕೂ ಹೆಚ್ಚು ಹಿರಿಯರಲ್ಲಿ ಎರಡು ವರ್ಷದ ವ್ಯಾಯಾಮದಿಂದ ಒಟ್ಟಾರೆ ಬುದ್ಧಿಶಕ್ತಿ ಹೆಚ್ಚಲಿಲ್ಲ. ಆದರೆ ಎಂಬತ್ತು ದಾಟಿದವರಿಗೆ ಯೋಜಿಸಿ ಕೆಲಸ ಮಾಡುವ ಶಕ್ತಿಯಲ್ಲಿ ತುಸು ಲಾಭ ಕಂಡಿತು. ಅದೇ ವರ್ಷ ಫಿನ್‌ಲ್ಯಾಂಡಿನಲ್ಲಿ ವ್ಯಾಯಾಮದ ಜೊತೆ ಹಿತಮಿತ ಆಹಾರ, ಬುದ್ಧಿಗೆ ಕೆಲಸ, ರಕ್ತದೊತ್ತಡದ ತಪಾಸಣೆ ಇವನ್ನೆಲ್ಲ ಕೂಡಿಸಿ ಮಾಡಿದ ಪ್ರಯೋಗ ಸ್ಪಷ್ಟ ಫಲ ಕೊಟ್ಟಿತು. ಕಾಲು ಆಡಿದರೆ ಹೃದಯ ಚುರುಕಾಗಿ ಮೆದುಳಿಗೆ ರಕ್ತ ಸರಾಗವಾಗಿ ಹರಿಯುತ್ತದೆ. ರಕ್ತದೊತ್ತಡ, ಸಕ್ಕರೆ ಹತೋಟಿಗೆ ಬರುತ್ತವೆ. ಇವೆರಡು ಕೆಟ್ಟರೆ ಮೆದುಳೂ ಕೆಡುತ್ತದೆ.

'ಜನ್ಮವೆಲ್ಲ ಹೊಲದಲ್ಲಿ ದುಡಿದೆವು, ನಮಗೇಕೆ ವ್ಯಾಯಾಮ?' ಎಂದು ರೈತ ಬಂಧುಗಳು ಕೇಳಬಹುದು. ದುಡಿಯುವವರೆಗೆ ಈ ಮಾತು ಸರಿ. ಬೇಸಾಯ ಮಕ್ಕಳಿಗೆ ವಹಿಸಿ, ಹೊಲಕ್ಕೆ ಮೋಟಾರ್ ಸೈಕಲ್ಲಿನ ಹಿಂದೆ ಕುಳಿತು ಹೋಗಿ, ಮಿಕ್ಕ ಹೊತ್ತು ಕಟ್ಟೆಯ ಮೇಲೆ ಕಳೆದರೆ ಹಳೆಯ ದುಡಿಮೆ ಠೇವಣಿಯಾಗಿ ಉಳಿಯುವುದಿಲ್ಲ. ಇನ್ನು ವ್ಯಾಪಾರಿಗಳು! ಬೆಳಿಗ್ಗೆ ಗಾದಿಯ ಮೇಲೆ ಕುಳಿತರೆ ರಾತ್ರಿ ಬಾಗಿಲು ಹಾಕುವಾಗಲೇ ಏಳುವುದು.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150 ನಿಮಿಷ. ಮಾತಾಡಲು ಬರಬೇಕು, ಹಾಡಲು ಉಸಿರು ಸಾಲಬಾರದು, ಅಷ್ಟು ಬಿರುಸಾದ ನಡಿಗೆ ಸಾಕು. ಜತ್ತ, ಅಕ್ಕಲಕೋಟದ ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಮುಗಿಸಿರಿ. ಎದೆನೋವು, ದಮ್ಮು ಇದ್ದವರು ಮೊದಲು ವೈದ್ಯರನ್ನು ಕೇಳಿರಿ.

ದಿನಬಳಕೆಯ ದಾರಿ ತಪ್ಪುವುದು, ಲೆಕ್ಕ ಹತ್ತದಿರುವುದು ಕಂಡರೆ ಮಾತ್ರ ನಡಿಗೆಯನ್ನೇ ನಂಬಿ ಕೂಡಬೇಡಿರಿ. ಶಾಕಾಹಾರಿಗಳಾದ ನಮ್ಮಲ್ಲಿ ಬಿ-12 ಜೀವಸತ್ವದ ಕೊರತೆ ಆಗುವುದುಂಟು. ಅದೂ ಮರೆವು ತರುತ್ತದೆ. ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ; ಮಾತ್ರೆ ಅಥವಾ ಚುಚ್ಚುಮದ್ದಿನಿಂದ ನೀಗಿಸಬಹುದು. ಮನೆಯ ಮಕ್ಕಳು ಹಿರಿಯರನ್ನು ಒಮ್ಮೆ ಕರೆದೊಯ್ದು ತೋರಿಸಲಿ.