ಭದ್ರಾವತಿ ಲೈನಿನ ನಕ್ಷೆ

ಬಿ.ಎಚ್. ರಸ್ತೆ ಎಂದರೆ ಬೆಂಗಳೂರು–ಹೊನ್ನಾವರ ರಸ್ತೆ. ಶಿವಮೊಗ್ಗದಲ್ಲೂ ಬಿ.ಎಚ್. ರಸ್ತೆ ಇದೆ, ಭದ್ರಾವತಿಯಲ್ಲೂ ಇದೆ, ಸಾಗರದಲ್ಲೂ ಇದೆ. ಹೊಸಮನೆ ಬಡಾವಣೆ ಶಿವಮೊಗ್ಗಕ್ಕೂ ಉಂಟು, ಭದ್ರಾವತಿಗೂ ಉಂಟು. ಔಷಧದ ಸಗಟು ಮಳಿಗೆಯಲ್ಲಿ ವ್ಯಾನುಗಳಿಗೆ ಲೈನ್, ಅಂದರೆ ಅಂಗಡಿಗಳನ್ನು ಸುತ್ತುವ ದಾರಿ, ಹಾಕಿಕೊಡುವುದು ನನ್ನ ಕೆಲಸ. ಈ ಜೋಡಿ ಹೆಸರುಗಳಿಂದಲೇ ನನ್ನ ಪಾಠ ಶುರುವಾಯಿತು. ಶಿವಮೊಗ್ಗ, ಭದ್ರಾವತಿಗಳ ನಡುವೆ ಇರುವುದು ಸುಮಾರು 20 ಕಿಲೋಮೀಟರ್. ಆದರೆ ಇನ್ಸುಲಿನ್ ಪೆಟ್ಟಿಗೆ ತಪ್ಪು ಹೊಸಮನೆ ಸೇರಿದರೆ, 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕಾದ ಮದ್ದು ಬಿಸಿಲಿನಲ್ಲಿ ಅಲೆಯುತ್ತದೆ.

ಹಾಗಾಗಿ ಬಿಲ್ಲಿನ ಮೇಲಿನ ವಿಳಾಸವನ್ನು ನಾನು ನಕ್ಷೆಗೆ ಕೊಡುವುದೇ ಇಲ್ಲ. "ರಂಗಪ್ಪ ಸರ್ಕಲ್ ಹತ್ತಿರ", "ಅಂಡರ್‌ಬ್ರಿಡ್ಜ್ ದಾಟಿ ಎಡಕ್ಕೆ" ಎಂಬುದು ಮನುಷ್ಯರಿಗೆ ಧಾರಾಳವಾಗಿ ಸಾಕು, ತಂತ್ರಾಂಶಕ್ಕೆ ಸಾಲದು. ಪ್ರತಿ ಅಂಗಡಿಗೂ ಅಕ್ಷಾಂಶ, ರೇಖಾಂಶ ಬರೆದಿಟ್ಟ ಪಟ್ಟಿ ನಮ್ಮಲ್ಲಿದೆ. ಶಿವಮೊಗ್ಗ 13.93, 75.57ರ ಆಸುಪಾಸು, ಭದ್ರಾವತಿ 13.84, 75.70ರ ಆಸುಪಾಸು. ಅಂಕಿ ನೋಡಿದರೇ ಊರು ತಿಳಿಯುತ್ತದೆ. ಎರಡು ದಶಮಾಂಶದವರೆಗೆ ಬರೆದರೆ ಒಂದು ಕಿಲೋಮೀಟರಿನಷ್ಟು ಅತ್ತಿತ್ತ ಆಗಬಹುದು, ನಾಲ್ಕರವರೆಗೆ ಬರೆದರೆ ಹತ್ತು ಮೀಟರಿನ ಆಸುಪಾಸಿಗೆ ಬರುತ್ತದೆ. ಅಕ್ಷಾಂಶ, ರೇಖಾಂಶ ಅದಲುಬದಲಾದರೆ ಶಿವಮೊಗ್ಗದ ಅಂಗಡಿ ನಾರ್ವೆಯಾಚೆಯ ಸಮುದ್ರದಲ್ಲಿ ಕಾಣಿಸುತ್ತದೆ. ಅದಕ್ಕೇ ದಾರಿ ಕೇಳುವ ಮೊದಲು ಎಲ್ಲ ಚುಕ್ಕಿಗಳನ್ನೂ ನಕ್ಷೆಯ ಮೇಲೆ ಹರಡಿ ನೋಡಬೇಕು. ಗುಂಪು ಬಿಟ್ಟು ನಿಂತ ಚುಕ್ಕಿ ತಾನಾಗಿಯೇ ಕಣ್ಣಿಗೆ ಬೀಳುತ್ತದೆ.

ಗ್ರಾಹಕರು ಕಳಿಸುವ ಲೊಕೇಶನ್ ಇನ್ನೊಂದು ಕಥೆ. ಬಹಳ ಸಲ ಅದು ಅಂಗಡಿಯದಾಗಿರುವುದಿಲ್ಲ, ಆ ಹೊತ್ತಿಗೆ ಅವರು ಕೂತಿರುವ ಜಾಗದ್ದು. ರಾತ್ರಿ ಕಳಿಸಿದ್ದಾದರೆ ಹೆಚ್ಚಾಗಿ ಮನೆಯದೇ. "ಶಟರ್ ಮುಂದೆ ನಿಂತು ಕಳಿಸಿ ಸರ್" ಎಂದು ಕೇಳಿಕೊಳ್ಳುತ್ತೇನೆ. ಶಿವಮೊಗ್ಗದ ಗಾಂಧಿ ಬಜಾರಿನಂಥ ಒತ್ತೊತ್ತು ಕಟ್ಟಡಗಳ ಕಡೆ ಅದೂ ಸಾಲುವುದಿಲ್ಲ. ತಂತ್ರಾಂಶ ಪಿನ್ನನ್ನು ಹತ್ತಿರದ ರಸ್ತೆಗೆ ಅಂಟಿಸಿಕೊಳ್ಳುತ್ತದೆ; ಹತ್ತಿರದ್ದು ಹಿಂದಿನ ಓಣಿಯಾದರೆ ವ್ಯಾನು ಅಂಗಡಿಯ ಹಿತ್ತಿಲಗೋಡೆಯ ಎದುರು ಹೋಗಿ ನಿಲ್ಲುತ್ತದೆ. ಪಿನ್ನನ್ನು ಕಟ್ಟಡದ ನಡುವಿನಿಂದ ಮುಂದಿನ ರಸ್ತೆಯ ಅಂಚಿಗೆ ಸರಿಸಿದರೆ ಆಯಿತು.

ಚುಕ್ಕಿ ಸರಿಯಿದ್ದೂ ದಾರಿ ಕೆಟ್ಟರೆ ರಸ್ತೆಯ ಗೆರೆಯಲ್ಲಿ ದೋಷ. ಶಿವಮೊಗ್ಗದ ವಿದ್ಯಾನಗರದ ವೃತ್ತಾಕಾರದ ರೈಲ್ವೆ ಮೇಲ್ಸೇತುವೆ ಹೊಸದಾಗಿದ್ದಾಗ ನಮ್ಮ ಚಾಲಕ ಅದರ ಮೇಲಿನಿಂದಲೇ ಫೋನ್ ಮಾಡಿದ್ದ: "ಅಕ್ಕಾ, ಸೇತುವೆ ಮೇಲಿದೀನಿ, ಇದು ವಾಪಸ್ ತಿರುಗು ಅಂತಿದೆ." ನಕ್ಷೆಗೆ ಸೇತುವೆ ಇನ್ನೂ ಬಂದಿರಲಿಲ್ಲ. ಬಂದ ಮೇಲೂ ಮೇಲಿರುವ ವಾಹನವೋ ಕೆಳಗಿನ ರಸ್ತೆಯದೋ ಎಂದು ಫೋನಿಗೆ ಗೊತ್ತಾಗುವುದು ಕಷ್ಟ, ಏಕೆಂದರೆ ಜಿಪಿಎಸ್ ಎತ್ತರವನ್ನು ಅಷ್ಟು ನಿಖರವಾಗಿ ಅಳೆಯುವುದಿಲ್ಲ. ರಸ್ತೆಗಳು ತಂತ್ರಾಂಶಕ್ಕೆ ಗಂಟುಗಳಲ್ಲಿ ಕೂಡುವ ಗೆರೆಗಳು. ಸೇತುವೆ, ಕೆಳಗಿನ ರಸ್ತೆ ಒಂದನ್ನೊಂದು ಹಾಯುವಲ್ಲಿ ಯಾರಾದರೂ ಗಂಟು ಹಾಕಿಬಿಟ್ಟರೆ, ಸೇತುವೆಯ ನಡುವೆಯೇ ಎಡಕ್ಕೆ ತಿರುಗು ಎನ್ನುತ್ತದೆ. ಎರಡು ಗೆರೆಗಳ ನಡುವೆ ಒಂದಡಿ ಬಿರುಕು ಉಳಿದರೂ ಸಾಕು, ರಸ್ತೆಯೇ ಇಲ್ಲವೆಂದು ತಿಳಿದು ಊರೆಲ್ಲ ಸುತ್ತಿಸುತ್ತದೆ.

ಇಂಥ ದೋಷ ಹುಡುಕಲು ನಾನು ನಂಬುವ ವಿಧಾನ ಒಂದೇ. ಕೆಟ್ಟ ದಾರಿಯನ್ನು ಅರ್ಧ ಮಾಡಿ ಎರಡು ತುಂಡುಗಳಿಗೂ ಬೇರೆಬೇರೆಯಾಗಿ ದಾರಿ ಕೇಳುವುದು, ಹಾದಿ ತಪ್ಪಿಸಿದ ಅರ್ಧವನ್ನು ಮತ್ತೆ ಅರ್ಧ ಮಾಡುವುದು. ಸ್ವಲ್ಪ ಹೊತ್ತಿಗೆ ಒಂದು ಕೂಡುರಸ್ತೆಯೋ ತಪ್ಪಾಗಿ ಬರೆದ ಒನ್‌ವೇ ಗುರುತೋ ಕೈಗೆ ಸಿಗುತ್ತದೆ. ಸಿಕ್ಕಮೇಲೆ ಸುತ್ತುದಾರಿ ಹುಡುಕಿಕೊಂಡು ಸುಮ್ಮನಾಗುವುದು ನನಗೆ ಸರಿ ಕಾಣುವುದಿಲ್ಲ. 2004ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನು ಯಾರು ಬೇಕಾದರೂ ತಿದ್ದಬಹುದು, ರಸ್ತೆಯ ಹೆಸರನ್ನು ಕನ್ನಡದಲ್ಲೂ ಬರೆಯಬಹುದು. ಚಾಲಕನಿಂದ ಜಾಗದ ಫೋಟೊ ತರಿಸಿಕೊಂಡು ಖಾತ್ರಿಪಡಿಸಿಕೊಂಡ ಮೇಲೆಯೇ ತಿದ್ದುತ್ತೇನೆ. ನಾಳೆ ಅದೇ ದಾರಿಯಲ್ಲಿ ಆಂಬುಲೆನ್ಸ್ ಬರಬಹುದಲ್ಲ.

ಅಂಗಡಿಗಳ ಸರದಿಯ ಬಗ್ಗೆ ಒಂದು ಮಾತು. ಹತ್ತು ಅಂಗಡಿಗಳನ್ನು ಸುತ್ತಲು 36,28,800 ಕ್ರಮಗಳಿವೆ. ಭದ್ರಾವತಿಯಲ್ಲಿ ಈ ಲೆಕ್ಕವನ್ನು ನದಿಯೇ ಹಗುರ ಮಾಡುತ್ತದೆ: ಊರು ಭದ್ರೆಯ ಎರಡೂ ದಡಗಳಲ್ಲಿ ಹರಡಿದೆ, ಒಂದು ದಡ ಮುಗಿಸಿ ಇನ್ನೊಂದಕ್ಕೆ ದಾಟಬೇಕು. ತಂಪು ಪೆಟ್ಟಿಗೆಯ ಅಂಗಡಿಗಳು ಮೊದಲು. ಉಳಿದದ್ದನ್ನು ತಂತ್ರಾಂಶಕ್ಕೆ ಬಿಡಬಹುದು.

ಮಳೆಗಾಲದಲ್ಲಿ ಮಾತ್ರ ಬಿಡಲಾಗದು. ಲಕ್ಕವಳ್ಳಿಯ ಭದ್ರಾ ಜಲಾಶಯದ ಪೂರ್ಣಮಟ್ಟ 186 ಅಡಿ. ಅದು ತುಂಬಿ ಗೇಟು ತೆಗೆದು ಹೆಚ್ಚು ನೀರು ಬಿಟ್ಟಾಗ ಭದ್ರಾವತಿಯ ಹೊಸ ಸೇತುವೆಯ ಮೇಲೆ ಹೊಳೆ ಹರಿದು ಸಂಚಾರ ನಿಲ್ಲುತ್ತದೆ. ನಕ್ಷೆ ವಾಹನದಟ್ಟಣೆ ತಿಳಿಯುವುದು ರಸ್ತೆಯಲ್ಲಿ ಓಡಾಡುವ ಫೋನುಗಳಿಂದ. ಯಾರೂ ಓಡಾಡದ ಸೇತುವೆ ಅದಕ್ಕೆ ಖಾಲಿ ರಸ್ತೆಯಂತೆ ಕಾಣಬಹುದು. ಆದ್ದರಿಂದ ಜುಲೈ ಬಂತೆಂದರೆ ಭದ್ರಾವತಿಗೆ ಎರಡು ಲೈನ್ ಸಿದ್ಧವಿರುತ್ತವೆ, ಎರಡನೆಯದು ಆ ಸೇತುವೆಯನ್ನು ಪೂರ್ತಿ ಬಿಟ್ಟದ್ದು. ಬೆಳಿಗ್ಗೆ ಜಲಾಶಯದ ಹೊರಹರಿವಿನ ಅಂಕಿ ನೋಡಿ, ಹಳೇನಗರದ ಒಬ್ಬ ಅಂಗಡಿಯವರಿಗೆ ಫೋನ್ ಮಾಡಿ, ಯಾವುದೆಂದು ತೀರ್ಮಾನಿಸುತ್ತೇನೆ. ಸೇತುವೆ ಬಂದ್ ಆಗಿದ್ದರೆ ಆಗಲೇ ನಕ್ಷೆಯಲ್ಲಿ ವರದಿ ಹಾಕುತ್ತೇನೆ. ನೀರಿಳಿದ ದಿನ ಅದನ್ನು ತೆಗೆಸುವ ಕೆಲಸವನ್ನೂ ಅದೇ ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ತೆಗೆಸದೆ ಬಿಟ್ಟ ಗುರುತು ತೆರೆದ ಸೇತುವೆಯಿಂದಲೂ ಜನರನ್ನು ಹಿಂದಕ್ಕೆ ಕಳಿಸುತ್ತದೆ.