ಗದ್ದೆಯ ಅಂಚು ಸವರಲು ತಕ್ಕ ಸಲಕರಣೆಯ ಆಯ್ಕೆ

ಮಲೆನಾಡಿನವರು ಅಂಚು ಎನ್ನುವುದನ್ನು ಬಯಲುಸೀಮೆಯವರು ಬದು ಎನ್ನುತ್ತಾರೆ. ತುಳುನಾಡಿನಲ್ಲಿ ಅದೇ ಪುಣಿ. ಹೆಸರು ಯಾವುದಾದರೂ ಬತ್ತದ ಗದ್ದೆಯಲ್ಲಿ ನೀರನ್ನು ಹಿಡಿದು ನಿಲ್ಲಿಸುವುದು ಈ ಮಣ್ಣಿನ ಗೋಡೆಯೇ. ಬೀಜ, ಗೊಬ್ಬರ, ಔಷಧಿಗಳ ಆಯ್ಕೆಯಲ್ಲಿ ಹತ್ತು ಬಾರಿ ಯೋಚಿಸುವ ರೈತರು ಅಂಚಿನ ವಿಷಯಕ್ಕೆ ಬಂದಾಗ ಕೈಗೆ ಸಿಕ್ಕ ಸಲಕರಣೆಯಿಂದಲೇ ಕೆಲಸ ಮುಗಿಸುವುದುಂಟು. ಈಚಿನ ವರ್ಷಗಳಲ್ಲಿ ಆಳುಗಳ ಅಭಾವದಿಂದಾಗಿ ಹಳ್ಳಿಹಳ್ಳಿಗೂ ಬ್ರಷ್ ಕಟರ್ ಬಂದಿದೆ. ಯಂತ್ರ ಬಂದ ಮೇಲೆ ಗುದ್ದಲಿ, ಕುಡುಗೋಲುಗಳ ಅಗತ್ಯವೇ ಇಲ್ಲವೆಂದು ಕೆಲವರು ತಿಳಿದಿದ್ದಾರೆ. ಈ ತಿಳುವಳಿಕೆ ಸರಿಯಲ್ಲ.

ಅಂಚಿನ ಹುಲ್ಲನ್ನು ಏಕೆ ಸವರಬೇಕು? ಬತ್ತದ ತೆನೆ ತಿಗಣೆಯು ಅಂಚಿನ ಹುಲ್ಲುಗಳ ತೆನೆಯಲ್ಲಿ ಹೊಟ್ಟೆ ಹೊರೆದು, ಬತ್ತ ಹಾಲು ತುಂಬುವ ಹೊತ್ತಿಗೆ ಗದ್ದೆಗೆ ಇಳಿಯುತ್ತದೆ. ಬೆಂಕಿ ರೋಗದ ಶಿಲೀಂಧ್ರವು ಕೆಲವು ಜಾತಿಯ ಹುಲ್ಲುಗಳ ಮೇಲೂ ಬದುಕಬಲ್ಲದು. ಹುಲ್ಲು ದಟ್ಟವಾದ ಅಂಚು ಇಲಿಗಳಿಗೆ ಆಶ್ರಯ; ಏಡಿಯ ಬಿಲಗಳೂ ಅಲ್ಲಿ ಕಣ್ಣಿಗೆ ಬೀಳುವುದಿಲ್ಲ. ಆದುದರಿಂದ ಹುಲ್ಲು ತೆನೆ ಬಿಡುವುದಕ್ಕೆ ಮೊದಲೇ ಅಂಚು ಸವರಬೇಕು. ಬತ್ತ ಹಾಲು ತುಂಬಿದ ಮೇಲೆ ಸವರಿದರೆ ಅಲ್ಲಿದ್ದ ತಿಗಣೆಗಳನ್ನು ಬೆಳೆಗೆ ಅಟ್ಟಿದಂತಾಗುತ್ತದೆ.

ಕತ್ತರಿಸಬೇಕೇ, ಕೆತ್ತಬೇಕೇ?

ಸಲಕರಣೆಯ ಆಯ್ಕೆಗೆ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಜಾಗದಲ್ಲಿ ಹುಲ್ಲಿನ ಬೇರು ಉಳಿಯಬೇಕೇ, ಹೋಗಬೇಕೇ? ಬೇರು ಉಳಿಯಬೇಕಾದಲ್ಲಿ ಕತ್ತರಿಸುವ ಸಲಕರಣೆ, ಬೇರು ಹೋಗಬೇಕಾದಲ್ಲಿ ಕೆತ್ತುವ ಸಲಕರಣೆ. ಬೆಲೆ, ಅಶ್ವಶಕ್ತಿ, ಕಂಪನಿ ಇವೆಲ್ಲ ಆಮೇಲಿನ ಮಾತು.

ಅಂಚಿನ ತಲೆಯ ಮೇಲೆ ಹಾಗೂ ಇಳಿಜಾರಿನ ಹೊರಮೈಯಲ್ಲಿ ಹುಲ್ಲಿನ ಬೇರು ಮಣ್ಣನ್ನು ಹಿಡಿದಿಡುತ್ತದೆ. ಇಲ್ಲಿ ನೆಲದಿಂದ ಮೂರು ನಾಲ್ಕು ಅಂಗುಲ ಬಿಟ್ಟು ಕತ್ತರಿಸಿದರೆ ಸಾಕು. ಬೋಳಾಗಿ ಕೆತ್ತಿದ ಹೊರಮೈ ಮೊದಲ ಜೋರು ಮಳೆಗೇ ಕುಸಿಯುತ್ತದೆ, ಕೆಳಗಿನ ಗದ್ದೆಯ ಸಸಿಗಳ ಮೇಲೆ ಮಣ್ಣು ಬೀಳುತ್ತದೆ. ನೀರು ತಾಗುವ ಒಳಮೈಯ ರೀತಿಯೇ ಬೇರೆ. ಅಲ್ಲಿಂದ ಗರಿಕೆಯು ಗದ್ದೆಗೆ ಕಾಲು ಚಾಚುತ್ತದೆ. ನೆಲದ ಮೇಲೆ ಹರಿಯುವ ಬಳ್ಳಿಯಿಂದಲೂ ನೆಲದೊಳಗೆ ಹರಿಯುವ ಕಾಂಡದಿಂದಲೂ ಹಬ್ಬುವ ಹುಲ್ಲು ಇದು. ಪ್ರತಿ ಗೆಣ್ಣಿನಲ್ಲೂ ಬೇರು ಬಿಡಬಲ್ಲದು. ಇದನ್ನು ಮೇಲಿನಿಂದ ಕತ್ತರಿಸುವುದರಿಂದ ಫಲವಿಲ್ಲ. ವರ್ಷಕ್ಕೆ ಒಮ್ಮೆ, ಕೆಸರುಗದ್ದೆ ಮಾಡುವ ಮುನ್ನ, ಒಳಮೈಯನ್ನು ಗುದ್ದಲಿಯಿಂದ ತೆಳುವಾಗಿ ಕೆತ್ತಿ ಬಿಲಗಳನ್ನು ಮುಚ್ಚಿ ಕೆಸರು ಮೆತ್ತುವ ನಮ್ಮ ಹಿರಿಯರ ಪದ್ಧತಿಗೆ ಇದೇ ಆಧಾರ.

ಆದರೆ ಕೆತ್ತಿದ ಮೇಲೆ ಮೆತ್ತುವುದನ್ನು ಬಿಟ್ಟವರು ಅಂಚನ್ನೇ ತಿನ್ನುತ್ತಿದ್ದಾರೆಂದು ತಿಳಿಯಬೇಕು. ಒಂದೂವರೆ ಅಡಿ ಅಗಲದ ಅಂಚಿನ ಎರಡೂ ಮಗ್ಗುಲಲ್ಲಿ ವರ್ಷಕ್ಕೆ ಒಂದೊಂದು ಅಂಗುಲ ಕೆತ್ತಿ ಮಣ್ಣನ್ನು ಮರಳಿ ಮೆತ್ತದಿದ್ದರೆ, ಐದು ವರ್ಷಗಳಲ್ಲಿ ಉಳಿಯುವುದು 8 ಅಂಗುಲ ಮಾತ್ರ. ಅದರ ಮೇಲೆ ಆಳು ನಡೆಯಲಾರ, ನೀರೂ ನಿಲ್ಲಲಾರದು. ನೀರಿನೊಡನೆ ಹಾಕಿದ ಯೂರಿಯಾ ಸಹ ಕೆಳಗಿನವರ ಗದ್ದೆಗೆ ಹೋಗುತ್ತದೆ.

ಎಕರೆಯ ಲೆಕ್ಕವಲ್ಲ, ಅಂಚಿನ ಲೆಕ್ಕ

ಯಂತ್ರ ಬೇಕೇ ಬೇಡವೇ ಎಂಬುದನ್ನು ಅನೇಕರು ಜಮೀನಿನ ವಿಸ್ತೀರ್ಣದಿಂದ ನಿರ್ಧರಿಸುತ್ತಾರೆ. ಚೌಕಾಕಾರದ ಒಂದು ಎಕರೆಯ ಒಂದೇ ಗದ್ದೆಯಿದ್ದರೆ ಅದರ ಸುತ್ತಳತೆ ಸುಮಾರು 254 ಮೀಟರು. ಅದೇ ಎಕರೆಯು ಮಲೆನಾಡಿನ ಕೋವಿನಲ್ಲಿ ಐದೈದು ಗುಂಟೆಯ ಎಂಟು ಮಡಿಗಳಾಗಿ ಹರಿದಿದ್ದರೆ, ಮಡಿಗಳು ಚೌಕವಾಗಿವೆಯೆಂದೇ ಹಿಡಿದರೂ, ಒಳ ಅಂಚುಗಳ ಒಟ್ಟು ಉದ್ದ 720 ಮೀಟರು. ಸುಮಾರು ಮೂರು ಪಟ್ಟು. ಮಡಿಗಳು ಉದ್ದವಾಗಿ ಬಳುಕಿದ್ದರೆ ಇನ್ನೂ ಹೆಚ್ಚು. ಆದ್ದರಿಂದ ಬಯಲಿನಲ್ಲಿ ಮೂರು ಎಕರೆಯುಳ್ಳವರಿಗೂ ಘಟ್ಟದ ಮೇಲೆ ಒಂದು ಎಕರೆಯುಳ್ಳವರಿಗೂ ಅಂಚಿನ ಕೆಲಸ ಹೆಚ್ಚುಕಡಿಮೆ ಒಂದೇ. ಹಗ್ಗ ಹಿಡಿದು ಒಮ್ಮೆ ಅಳೆದು, ವರ್ಷಕ್ಕೆ ಎಷ್ಟು ಸಲ ಸವರಬೇಕಾಗುತ್ತದೆ ಎಂಬುದರಿಂದ ಗುಣಿಸಿ ನೋಡಬೇಕು. ವರ್ಷಕ್ಕೆ ಎರಡು ಮೂರು ದಿನದ ಕೆಲಸವಷ್ಟೇ ಇದ್ದಲ್ಲಿ ಬಾಡಿಗೆ ಯಂತ್ರವೇ ಲೇಸು. ಕೊಂಡು ಅಟ್ಟದ ಮೇಲಿಟ್ಟ ಯಂತ್ರವು ದುಡಿದು ಸವೆಯುವುದಕ್ಕಿಂತ ಬೇಗ ನಿಂತು ಕೆಡುತ್ತದೆ.

ಕೈ ಸಲಕರಣೆಗಳು

ಅಂಚಿನ ಹುಲ್ಲು ದನಗಳಿಗೆ ಮೇವಾಗಬೇಕಿದ್ದರೆ ಕುಡುಗೋಲಿಗೆ ಸಮನಾದುದಿಲ್ಲ. ಎಳೆಯ, ಮೆತ್ತನೆಯ ಹುಲ್ಲಿಗೆ ನಯವಾದ ಬಾಯಿಯ ಕುಡುಗೋಲೂ ಬಲಿತ ಹುಲ್ಲಿಗೆ ಹಲ್ಲಿನ ಕುಡುಗೋಲೂ ಒಪ್ಪುತ್ತವೆ. ಹಲ್ಲಿನ ಕುಡುಗೋಲನ್ನು ಸಾಣೆ ಹಿಡಿಯುವುದು ಕಷ್ಟವೆಂಬುದನ್ನು ನೆನಪಿಡಬೇಕು. ಅಂಚಿನ ಮೇಲೆ ತೊಗರಿ, ಅಲಸಂದೆ ಹಾಕಿದವರು ಯಂತ್ರದ ಆಸೆ ಬಿಟ್ಟು ಕುಡುಗೋಲನ್ನೇ ಹಿಡಿಯುವುದು ಒಳಿತು. ನಾಚಿಕೆಮುಳ್ಳು, ಲಂಟಾನ ಬೆಳೆದ ಹೊರಮೈಗೆ ಕಾಫಿ ತೋಟಗಳಲ್ಲಿ ಕಾಡು ಸವರುವ ಉದ್ದ ಹಿಡಿಯ ಕತ್ತಿ ಅನುಕೂಲ. ಬಗ್ಗದೆ, ಮುಳ್ಳಿನಿಂದ ದೂರ ನಿಂತು ಬೀಸಬಹುದು.

ಒಳಮೈ ಕೆತ್ತಲು ಅಗಲ ಬಾಯಿಯ, ತೆಳುವಾದ ಗುದ್ದಲಿ ಬೇಕು. ಇದನ್ನು ಹಲವೆಡೆ ಸನಿಕೆ ಎನ್ನುತ್ತಾರೆ. ಹೊಂಡ ತೋಡುವ ಕಿರಿದಾದ ದಪ್ಪ ಗುದ್ದಲಿ ಈ ಕೆಲಸಕ್ಕೆ ಸಲ್ಲದು, ಅದು ಮಣ್ಣನ್ನು ಹೆಂಟೆ ಹೆಂಟೆಯಾಗಿ ಕಿತ್ತು ಅಂಚಿನಲ್ಲಿ ಗುಳಿ ಮಾಡುತ್ತದೆ. ಹಿಡಿಗೂ ಅಲಗಿಗೂ ನಡುವಿನ ಕೋನವನ್ನು ಕೊಳ್ಳುವಾಗಲೇ ಗಮನಿಸಬೇಕು. ಕೋನ ಕಿರಿದಾಗಿದ್ದಷ್ಟೂ ಗುದ್ದಲಿ ಮಣ್ಣನ್ನು ಸವರಿಕೊಂಡು ಹೋಗುತ್ತದೆ, ಅಗಲವಾಗಿದ್ದರೆ ಒಳಕ್ಕೆ ಕಚ್ಚುತ್ತದೆ. ಊರಿನ ಕಮ್ಮಾರರಿದ್ದರೆ ತಮ್ಮ ಎತ್ತರಕ್ಕೆ ತಕ್ಕಂತೆ ಹೇಳಿ ಮಾಡಿಸುವುದು ಉತ್ತಮ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ ಕತ್ತಿಗಳು ಅಂಗಡಿಯ ಅಗ್ಗದ ತಗಡಿನವುಗಳಿಗಿಂತ ಬಹುಕಾಲ ಹರಿತ ಉಳಿಸಿಕೊಳ್ಳುತ್ತವೆ.

ಬ್ರಷ್ ಕಟರ್

ಇದರಲ್ಲಿ ಪಕ್ಕಕ್ಕೆ ತೂಗುಹಾಕಿಕೊಳ್ಳುವುದು, ಬೆನ್ನಿಗೆ ಹೊರುವುದು ಎಂಬ ಎರಡು ಬಗೆಗಳಿವೆ. ಸೈಕಲ್ಲಿನ ಹಿಡಿಯಂತೆ ಎರಡು ಕೈಹಿಡಿಗಳುಳ್ಳ ಮೊದಲನೆಯದು ಸಮತಟ್ಟಾದ ಜಾಗಕ್ಕೆ, ಅಗಲವಾಗಿ ಬೀಸುವ ಕೆಲಸಕ್ಕೆ ಸರಿ. ಕಿರಿದಾದ ಅಂಚಿನ ಮೇಲೆ ನಿಂತು ಇಳಿಜಾರಿನ ಮೈ ಸವರುವವರಿಗೆ ಬೆನ್ನಿಗೆ ಹೊರುವ, ಬಾಗುವ ದಂಡದ ಯಂತ್ರ ಹೆಚ್ಚು ಅನುಕೂಲ. ಜಾರಿ ಬಿದ್ದರೆ ಪಟ್ಟಿಯನ್ನು ಒಂದೇ ಎಳೆತಕ್ಕೆ ಬಿಚ್ಚಿ ಕಳಚಿಕೊಳ್ಳಲು ಬರುತ್ತದೆಯೇ ಎಂದು ಅಂಗಡಿಯಲ್ಲಿಯೇ ಮಾಡಿ ನೋಡಬೇಕು. ನಾಲ್ಕು ಸ್ಟ್ರೋಕಿನ ಎಂಜಿನ್ನಿಗೆ ಎಣ್ಣೆ ಬೇರೆ, ಪೆಟ್ರೋಲು ಬೇರೆ. ಎರಡು ಸ್ಟ್ರೋಕಿನದಕ್ಕೆ ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸಬೇಕು: ಪುಸ್ತಿಕೆಯಲ್ಲಿ 1:50 ಎಂದಿದ್ದರೆ ಲೀಟರಿಗೆ 20 ಮಿ.ಲೀ., 1:25 ಎಂದಿದ್ದರೆ 40 ಮಿ.ಲೀ. ಒಂದೇ ಮನೆಯಲ್ಲಿ ಎರಡೂ ಬಗೆಯ ಎಂಜಿನ್ನುಗಳಿದ್ದರೆ ಡಬ್ಬಿಗಳ ಮೇಲೆ ದಪ್ಪಕ್ಷರದಲ್ಲಿ ಬರೆದಿಡದೆ ವಿಧಿಯಿಲ್ಲ. ಎಣ್ಣೆಯಿಲ್ಲದ ಪೆಟ್ರೋಲು ಒಮ್ಮೆ ಹೋದರೂ ಎರಡು ಸ್ಟ್ರೋಕಿನ ಎಂಜಿನ್ ಹಿಡಿದುಕೊಳ್ಳುತ್ತದೆ.

ಕತ್ತರಿಸುವ ತಲೆಯ ಆಯ್ಕೆಯು ಎಂಜಿನ್ನಿನ ಆಯ್ಕೆಗಿಂತ ಮುಖ್ಯ. ಕಲ್ಲು ಕಟ್ಟಿದ ಅಂಚಿಗೆ, ಮೆದು ಹುಲ್ಲಿಗೆ ನೈಲಾನ್ ದಾರ. ಒತ್ತಾಗಿ ಬಲಿತ ಹುಲ್ಲಿಗೆ, ತೆಳುಗಡ್ಡಿಯ ಪೊದೆಗೆ ಮೂರು ಮೂಲೆಯ ಉಕ್ಕಿನ ಬ್ಲೇಡು. ಬೆರಳು ಗಾತ್ರದ ಗಿಡಗಳಿಗೆ ಹಲವು ಹಲ್ಲುಗಳ ದುಂಡು ಬ್ಲೇಡು. ಕಲ್ಲಿರುವಲ್ಲಿ ಉಕ್ಕಿನ ಬ್ಲೇಡನ್ನು ಹಾಕಲೇಬಾರದು. ನೈಲಾನ್ ದಾರವು ಹುಲ್ಲನ್ನು ಕೊಯ್ಯುವುದಿಲ್ಲ, ಬಡಿದು ಚೂರು ಮಾಡುತ್ತದೆ. ಮಣ್ಣು, ನೈಲಾನಿನ ತುಂಡು ಬೆರೆತ ಈ ಹುಲ್ಲನ್ನು ದನಗಳಿಗೆ ಹಾಕಬಾರದು. ಬೇರೆ ಕಂಪನಿಯ ತಲೆ ಕೊಳ್ಳುವವರು ದಂಡದ ದಪ್ಪವನ್ನೂ (26 ಅಥವಾ 28 ಮಿ.ಮೀ.) ಒಳದಂಡದ ಹಲ್ಲುಗಳ ಸಂಖ್ಯೆಯನ್ನೂ (ಸಾಮಾನ್ಯವಾಗಿ 7 ಅಥವಾ 9) ನೋಡಿ ಕೊಳ್ಳಬೇಕು.

ಬ್ಲೇಡನ್ನು ಓರೆಯಾಗಿ ಹಿಡಿದು ಗರಿಕೆಯ ಬೇರನ್ನು ಮಣ್ಣಿನೊಳಗಿಂದಲೇ ಕತ್ತರಿಸಲು ಹೋಗುವವರುಂಟು. ಬ್ರಷ್ ಕಟರ್ ಇರುವುದು ಕತ್ತರಿಸುವುದಕ್ಕೆ, ಕೆತ್ತುವುದಕ್ಕಲ್ಲ. ಹೀಗೆ ಮಾಡಿದರೆ ಬ್ಲೇಡು ಮೊಂಡಾಗುತ್ತದೆ, ಕಲ್ಲು ಸಿಡಿಯುತ್ತದೆ. ಅದಕ್ಕೂ ಮಿಗಿಲಾಗಿ ಗೆಣ್ಣು ಗೆಣ್ಣಾಗಿ ತುಂಡಾದ ಗರಿಕೆಯು ಗದ್ದೆಗೆ ಎರಚಿ, ಕಳೆಯನ್ನು ನಾಟಿ ಮಾಡಿದಂತೆಯೇ ಆಗುತ್ತದೆ.

ಹುಲ್ಲಿನ ಚೂರು ಎತ್ತ ಬೀಳುತ್ತದೆಂಬುದು ಆಳಿನ ನಡಿಗೆಯ ಮೇಲಿದೆ. ಹೆಚ್ಚಿನ ಯಂತ್ರಗಳಲ್ಲಿ ತಲೆಯು, ಮೇಲಿನಿಂದ ನೋಡಿದಾಗ, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ. ಬಾಣದ ಗುರುತನ್ನು ನೋಡಿ ಖಚಿತಪಡಿಸಿಕೊಳ್ಳಬೇಕು. ಇಂಥ ಯಂತ್ರವನ್ನು ಬಲದಿಂದ ಎಡಕ್ಕೆ ಬೀಸಿ, ಬ್ಲೇಡಿನ ಎಡ ಮುಂಭಾಗದಿಂದ ಕತ್ತರಿಸಬೇಕು. ಗದ್ದೆ ಬಲಗಡೆಗಿರುವಂತೆ ನಡೆದರೆ ಬಹುಪಾಲು ಹುಲ್ಲು ಎಡಕ್ಕೆ, ಅಂಚಿನ ಮೇಲೆ ಬೀಳುತ್ತದೆ. ಬಲ ಮುಂಭಾಗವು ಕಲ್ಲಿಗೋ ಬೊಡ್ಡೆಗೋ ತಾಗಿದರೆ ಯಂತ್ರವು ಬಲಕ್ಕೂ ಹಿಂದಕ್ಕೂ ಚಿಮ್ಮುತ್ತದೆ. ಕಾಲು ಕತ್ತರಿಸಿಕೊಳ್ಳುವುದು ಇಂಥ ಸಂದರ್ಭಗಳಲ್ಲಿ.

ತೋಟದ ಬುಡದಲ್ಲಿ

ಗದ್ದೆಗೆಂದು ತಂದ ಯಂತ್ರ ತೋಟಕ್ಕೂ ಹೋಗುವುದು ಸಹಜ. ಅಲ್ಲಿ ಎಳೆಯ ಮಾವು, ಸಪೋಟ, ನಿಂಬೆಯ ಬುಡಕ್ಕೆ ನೈಲಾನ್ ದಾರ ಬಡಿದರೆ ತೊಗಟೆ ಸುಲಿಯುತ್ತದೆ. ಸುತ್ತಲೂ ಸುಲಿದರೆ ಬೇರಿಗೆ ಆಹಾರ ಇಳಿಯದೆ ಗಿಡ ಸಾಯುತ್ತದೆ. ಅಡಿಕೆ, ತೆಂಗುಗಳು ಹೀಗೆ ಸಾಯುವುದಿಲ್ಲವಾದರೂ ಅವುಗಳ ಕಾಂಡದ ಗಾಯ ಮಾಯುವುದೇ ಇಲ್ಲ. ಎಳೆಯ ತೆಂಗಿನ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬಂದು ಮೊಟ್ಟೆಯಿಡುತ್ತದೆ. ಬುಡದ ಸುತ್ತ ಎರಡು ಅಡಿಯನ್ನು ಕೈಯಿಂದಲೇ ತೆಗೆದು ಸೊಪ್ಪು ಮುಚ್ಚಬೇಕು. ಹನಿ ನೀರಾವರಿಯ ಕೊಳವೆಯನ್ನು ಮೊದಲೇ ಬುಡದತ್ತ ಸರಿಸದವರು ಸಂಜೆಯವರೆಗೆ ಜೋಡಣೆ ಹಾಕುತ್ತಾ ಕೂರಬೇಕಾದೀತು.

ಶಾಲೆ, ಛತ್ರ, ಮನೆಯಂಗಳಗಳ ಹುಲ್ಲುಹಾಸಿಗೂ ಈ ಮಾತೇ ಅನ್ವಯಿಸುತ್ತದೆ. ಅಲ್ಲಿ ಹಲವೆಡೆ ಹಾಸಿರುವುದು ಇದೇ ಗರಿಕೆ, ಅದು ಹೂವಿನ ಮಡಿಗೆ ನುಗ್ಗುತ್ತದೆ. ತೋಟಗಾರರು ದಾರ ಕಟ್ಟಿ, ಅರ್ಧಚಂದ್ರಾಕಾರದ ಅಲಗನ್ನು ಕಾಲಿನಿಂದ ಒತ್ತಿ, ಎರಡು ಮೂರು ಅಂಗುಲ ಆಳಕ್ಕೆ ನೇರವಾಗಿ ಕಡಿದು ತುಂಡನ್ನು ಎತ್ತಿ ಹೊರಗೆ ಹಾಕುತ್ತಾರೆ. ನೇರ ಬಾಯಿಯ ಹರಿತ ಸಲಿಕೆಯೂ ಈ ಕೆಲಸ ಮಾಡುತ್ತದೆ.

ಅಂಚಿಗೆ ಕಳೆನಾಶಕ ಸಿಂಪಡಿಸುವ ಅಭ್ಯಾಸದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಗ್ಲೈಫೋಸೇಟ್ ಹುಲ್ಲಿನ ಬೇರನ್ನೂ ಕೊಲ್ಲುತ್ತದೆ. ಬೇರು ಸತ್ತ ಅಂಚು ಬಿರಿಯುತ್ತದೆ. ಕೀಟ ನಿಯಂತ್ರಣ ಪರವಾನಗಿ ಪಡೆದವರ ಮೂಲಕವಲ್ಲದೆ ಬೇರೆಯವರು ಇದನ್ನು ಬಳಸಬಾರದೆಂದು ಕೇಂದ್ರ ಸರ್ಕಾರವು 2022ರ ಅಕ್ಟೋಬರಿನಲ್ಲಿ ಅಧಿಸೂಚನೆ ಹೊರಡಿಸಿತು.

ಕಣ್ಣು ಮತ್ತು ಕಾಲು

ಯಂತ್ರದೊಡನೆ ಬಂದ ರಕ್ಷಾಕವಚವನ್ನು ಹುಲ್ಲು ಸಿಕ್ಕಿಕೊಳ್ಳುತ್ತದೆಂದು ಕಳಚಿಟ್ಟು ದುಡಿಸುವುದು ಸಾಮಾನ್ಯವಾಗಿದೆ. ಕವಚದ ಅಂಚಿನಲ್ಲಿರುವ ಸಣ್ಣ ಅಲಗು ನೈಲಾನ್ ದಾರವನ್ನು ತಕ್ಕ ಉದ್ದಕ್ಕೆ ಕತ್ತರಿಸುತ್ತಿರುತ್ತದೆ. ಕವಚವಿಲ್ಲದಿದ್ದರೆ ದಾರ ಉದ್ದವಾಗಿ ಎಂಜಿನ್ನಿನ ಮೇಲೆ ಭಾರ ಬಿದ್ದು ಕ್ಲಚ್ ಸುಡುತ್ತದೆ. ಕಲ್ಲುಗಳಂತೂ ನೇರವಾಗಿ ಆಳಿನತ್ತ ಹಾರುತ್ತವೆ. ನೈಲಾನಿಗೆ ಬದಲು ಸೈಕಲ್ ಬ್ರೇಕಿನ ತಂತಿ ಕಟ್ಟುವುದು ಗುಂಡು ಹಾರಿಸಿದಂತೆಯೇ ಸರಿ. ಕೆಲಸ ನಡೆಯುವಾಗ 15 ಮೀಟರಿನೊಳಗೆ ಯಾರೂ, ವಿಶೇಷವಾಗಿ ಮಕ್ಕಳು, ಇರಕೂಡದು.

ಕಣ್ಣಿಗೆ ಕನ್ನಡಕವಿಲ್ಲದೆ ಯಂತ್ರ ಚಾಲೂ ಮಾಡಬಾರದು. ಹುಲ್ಲಿನ ಚೂರು ಕರಿಗುಡ್ಡೆಗೆ ತಾಗಿ ಆದ ಗೀರು ಸಣ್ಣದಾಗಿ ಕಂಡರೂ ಅದರಿಂದ ಶಿಲೀಂಧ್ರ ಹೊಕ್ಕು ಹುಣ್ಣಾಗಿ ದೃಷ್ಟಿಯೇ ಹೋಗಬಹುದು. ದಕ್ಷಿಣ ಭಾರತದ ಕೃಷಿ ಕೆಲಸಗಾರರಲ್ಲಿ ಇದು ವೈದ್ಯರಿಗೆ ಚೆನ್ನಾಗಿ ಪರಿಚಿತವಾದ ತೊಂದರೆ. ಹರಳೆಣ್ಣೆ, ಎದೆಹಾಲು, ಅಂಗಡಿಯ ಯಾವುದೋ ಹನಿ ಹಾಕಿಕೊಂಡು ದಿನ ಕಳೆಯದೆ ಅಂದೇ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಕಾಲಿಗೆ ಮೊಣಕಾಲುದ್ದದ ಗಮ್ ಬೂಟು ಅವಶ್ಯ. ಕಲ್ಲೇಟನ್ನು ತಡೆಯುವುದಲ್ಲದೆ, ಇಲಿಯ ಮೂತ್ರ ಬೆರೆತ ಕೆಸರು ಕಾಲಿನ ಗಾಯಕ್ಕೆ ತಾಗಿ ಬರುವ ಇಲಿಜ್ವರದಿಂದಲೂ ಅದು ಕಾಪಾಡುತ್ತದೆ. ಬೂಟು, ಕನ್ನಡಕ, ಕಿವಿಮುಚ್ಚಿಗೆಗಳ ಖರ್ಚನ್ನು ಯಂತ್ರದ ಬೆಲೆಯಲ್ಲಿಯೇ ಸೇರಿಸಿ ಲೆಕ್ಕ ಹಾಕಬೇಕು. ಆಳಿನಿಂದ ಕೆಲಸ ಮಾಡಿಸುವ ಯಜಮಾನರು ಇವನ್ನು ಆಳಿಗೂ ಕೊಡಬೇಕು.

ಕೊಳ್ಳುವಾಗ ಮತ್ತು ಕೆಲಸ ಮುಗಿದ ಮೇಲೆ

ಸಹಾಯಧನದ ವಿವರವನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಮೊದಲು ವಿಚಾರಿಸಬೇಕು. ಕೊಂಡ ಮೇಲೆ ವಿಚಾರಿಸಿ ಪ್ರಯೋಜನವಿಲ್ಲ. ಮಾರಾಟಗಾರರನ್ನು ಸ್ವಂತ ಗದ್ದೆಗೆ ಕರೆದು ಅರ್ಧ ಗಂಟೆ ಓಡಿಸಿ ನೋಡಬೇಕು. ಅಂಗಡಿಯ ಮುಂದೆ ಹಗುರವೆನಿಸಿದ ಯಂತ್ರ ಅಂಚಿನ ಮೇಲೆ ಹಾಗಿರುವುದಿಲ್ಲ. ದಾರದ ಸುರುಳಿ, ಕ್ಲಚ್, ಕಾರ್ಬುರೇಟರಿನ ಬಿಡಿಭಾಗಗಳು ತಾಲ್ಲೂಕು ಕೇಂದ್ರದಲ್ಲಿ ಸಿಗದ ಯಂತ್ರವನ್ನು ಎಷ್ಟೇ ಅಗ್ಗವಾದರೂ ಬಿಡುವುದು ಲೇಸು.

ಹಂಗಾಮು ಮುಗಿದಾಗ ಟ್ಯಾಂಕಿನ ಪೆಟ್ರೋಲನ್ನು ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಬೇಕು. ಹಾಗೆ ಮಾಡದಿದ್ದರೆ ಉಳಿದ ಪೆಟ್ರೋಲು ಅಂಟಾಗಿ ಕಾರ್ಬುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಗುದ್ದಲಿ, ಕುಡುಗೋಲುಗಳಿಗೆ ಎಣ್ಣೆ ಸವರಿ ಒಣ ಜಾಗದಲ್ಲಿ ಇಡಬೇಕು. ಅಟ್ಟದ ಮೇಲೆ ಒಣಗಿದ ನೈಲಾನ್ ದಾರ ಮರುವರ್ಷ ಪಟಪಟನೆ ತುಂಡಾಗುತ್ತದೆ. ಬಳಸುವ ಹಿಂದಿನ ರಾತ್ರಿ ಅದನ್ನು ನೀರಿನಲ್ಲಿ ನೆನೆಹಾಕಿದರೆ ಮತ್ತೆ ಮೆತುವಾಗಿ ಬಾಳಿಕೆ ಬರುತ್ತದೆ.